ಯಾರದೂ ಅಲ್ಲದ ಜಾಗ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವರಿಗೆ ಕಿವಿ ಚೆನ್ನಾಗಿ ಕೇಳಿಸಬೇಕು, ಕೇಳಿಸಿದ್ದು ಮುಖದ ಮೇಲೆ ಮಾತ್ರ ಕಾಣಿಸಬಾರದು. ಈ ಎರಡೂ ಗುಣ ಒಬ್ಬರಲ್ಲೇ ಸಿಗುವುದು ಅಪರೂಪ. ಕಿವಿ ಇದ್ದವರು ವರ್ಷ ತುಂಬುವುದರೊಳಗೆ ಬಿ.ಪಿ. ಮಾತ್ರೆ ಹಿಡಿದು ಬೇರೆ ವಿಭಾಗ ಕೇಳಿಕೊಂಡು ಹೋಗುತ್ತಿದ್ದರು; ಮುಖ ಗಟ್ಟಿ ಇದ್ದವರಿಗೆ ದೂರೇ ಕೇಳಿಸುತ್ತಿರಲಿಲ್ಲ. ನೀರಕ್ಕ ಬಂದು ಕೂತ ಮೇಲೆ ಆ ಕುರ್ಚಿ ಅಲುಗಾಡಿದ್ದಿಲ್ಲ.

ನೀರಕ್ಕ ಎಂಬುದು ಬೀದಿ ಇಟ್ಟ ಹೆಸರು. ನಲ್ಲಿ ನಿಂತ ದಿನ ಹೆಂಗಸರು ಕೊಡ ಹಿಡಿದುಕೊಂಡು ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಹೆಸರು ಹಾಗೇ ಅಂಟಿತು, ಅವಳ ಹಿಂದೆಯೇ ಕಚೇರಿಗೂ ನಡೆದುಕೊಂಡು ಬಂತು. ಬೆಳಗ್ಗೆ ಕೌಂಟರಿನ ಬಾಗಿಲು ತೆರೆಯುವ ಹೊತ್ತಿಗೆ ಜನ ಬಾಟಲಿ ಹಿಡಿದು ನಿಂತಿರುತ್ತಿದ್ದರು. ಬಾಯಿಮಾತನ್ನು ಆ ಕಚೇರಿ ನಂಬುವುದಿಲ್ಲವೆಂದು ಊರಿಗೆಲ್ಲ ಗೊತ್ತಿದ್ದದ್ದರಿಂದ ಎಲ್ಲರೂ ತಂತಮ್ಮ ನಲ್ಲಿಯ ನೀರನ್ನೇ ಸಾಕ್ಷಿಗೆ ಕರೆತರುತ್ತಿದ್ದರು. ಚಹದ ಬಣ್ಣದ ನೀರು, ಸಾಬೂನಿನ ನೊರೆಯ ನೀರು, ಹುಳು ಈಜು ಕಲಿಯುತ್ತಿರುವ ನೀರು. ಮಧ್ಯಾಹ್ನದೊಳಗೆ ಅವಳ ಮೇಜು ಔಷಧದಂಗಡಿಯ ಹಾಗೆ ಕಾಣುತ್ತಿತ್ತು.

"ಇದನ್ನ ನೀವು ಕುಡೀತೀರಾ ಮೇಡಂ? ಕುಡಿದು ತೋರಿಸಿ ನೋಡೋಣ."

"ದೂರು ದಾಖಲಾಗಿದೆ. ಸಂಬಂಧಪಟ್ಟವರು ಬರ್ತಾರೆ."

"ಹೋದ ಸಲಾನೂ ಇದೇ ಹೇಳಿದ್ರಿ."

"ಹೋದ ಸಲದ್ದೂ ದಾಖಲಾಗಿದೆ."

ಆ ದನಿಗೆ ಏರಿಲ್ಲ, ಇಳಿತವಿಲ್ಲ. ಬೈಯಲು ಬಂದವರು ಬೈದು ಬೈದು ತಾವೇ ದಣಿದು, ಅವಳ ಮೇಜಿನ ಮೇಲಿನ ಶುದ್ಧ ನೀರು ಕುಡಿದು ಹೋಗುತ್ತಿದ್ದರು. ಈ ಹೆಂಗಸಿಗೆ ಸಿಟ್ಟೇ ಬರುವುದಿಲ್ಲ ಎಂದು ಕಚೇರಿಯವರೆಲ್ಲ ನಂಬಿದ್ದರು. ಬರುತ್ತಿತ್ತು. ಬಂದಷ್ಟನ್ನೂ ಅವಳು ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಡುತ್ತಿದ್ದಳು, ಅಷ್ಟೆ.

ಮನೆಯಲ್ಲಿ ಅದನ್ನು ಬಿಚ್ಚುವ ಜಾಗವೊಂದಿತ್ತು. ಅಡುಗೆಮನೆಯ ಹಿಂದೆ, ಬಟ್ಟೆ ಒಣಗಿಸುವ ಬಾಲ್ಕನಿ. ಅಗಲವೆಂದರೆ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಎದುರಿಗೆ ಪಕ್ಕದ ಕಟ್ಟಡದ ಬೆನ್ನು, ಅದರ ಮೇಲೆ ತುಕ್ಕು ಇಳಿದ ಪೈಪುಗಳು; ಆ ನೋಟವನ್ನು ಸೊಗಸು ಎನ್ನಲು ಬಹಳ ಒಳ್ಳೆಯ ಮನಸ್ಸು ಬೇಕು. ಅಲ್ಲಿ ಒಂದು ಬೆತ್ತದ ಕುರ್ಚಿ. ಕೂತು ಕೂತು ನಡು ಜಗ್ಗಿ ಅದು ನೀರಕ್ಕನ ಅಳತೆಗೇ ಹೊಲಿಸಿದಂತಾಗಿತ್ತು. ಕಚೇರಿಯಿಂದ ಬಂದವಳೇ ಚಹದ ಲೋಟ ಹಿಡಿದು ಅದರಲ್ಲಿ ಕೂರುವಳು. ಲೋಟ ಬರಿದಾಗುವವರೆಗೆ ಆಕಾಶ ಕಳಚಿಬಿದ್ದರೂ ಮಾತಿಲ್ಲ. ಹಗಲೆಲ್ಲ ನುಂಗಿದ್ದು ಒಂದೊಂದೇ ಗುಟುಕಿಗೆ ಇಳಿಯುತ್ತಿತ್ತು.

ಕುರ್ಚಿಯ ಕೆಳಗೆ ದೊರೆಸಾನಿ ಕೂರುತ್ತಿತ್ತು.

ದೊರೆಸಾನಿ ದೂರಾಗಿಯೇ ಬಂದ ಮೊಲ. ಒಂದು ಬೇಸಿಗೆ, ಮೇಲಿನ ಬೀದಿಗೆ ನೀರು ನಿಂತು ಜನ ಕೆಂಡವಾಗಿದ್ದಾಗ, ಒಬ್ಬ ದರ್ಜಿ ರಟ್ಟಿನ ಡಬ್ಬ ತಂದು ಕೌಂಟರಿನ ಮೇಲೆ ಕುಕ್ಕಿದ. "ನಮಗೇ ಕುಡಿಯೋಕಿಲ್ಲ, ಇದಕ್ಕೆಲ್ಲಿಂದ ತರ್ಲಿ? ನೀವೇ ಕುಡಿಸಿ" ಎಂದವನೇ ಹೊರಟುಹೋದ. ಡಬ್ಬ ಬಿಚ್ಚಿದರೆ ಬೂದಿ ಬಣ್ಣದ ಮೊಲವೊಂದು ಇಡೀ ಇಲಾಖೆಯನ್ನು ನುಂಗುವಂತೆ ನೋಡುತ್ತಿದೆ. ಆ ಕೌಂಟರಿಗೆ ಬಂದ ದೂರುಗಳಲ್ಲಿ ಮೈಮೇಲೆ ತುಪ್ಪಳವಿದ್ದದ್ದು ಅದೊಂದೇ. ಆ ಬೀದಿಗೆ ನೀರು ಬಂತು, ದರ್ಜಿ ಬರಲಿಲ್ಲ. ನೀರಕ್ಕ ಡಬ್ಬವನ್ನು ಮನೆಗೆ ತಂದಳು.

ಹೆಸರಿಟ್ಟವರು ಅತ್ತೆ. ಸೊಪ್ಪು ಬಾಡಿದ್ದರೆ ಮೊಲ ಬಟ್ಟಲನ್ನೇ ಒದ್ದು ಉರುಳಿಸುವುದನ್ನು ನೋಡಿ, "ಇವಳೇನಮ್ಮ, ದೊರೆಸಾನಿ" ಎಂದರು. ಅದಕ್ಕೆ ಇಷ್ಟವಾಗದ್ದು ಕಂಡರೆ ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಬಡಿಯುತ್ತಿತ್ತು. ನೀರಕ್ಕ ಬಾಯಿ ಬಿಟ್ಟು ಆಡಲಾರದ್ದನ್ನು ಅದು ಕಾಲಿನಲ್ಲಿ ಆಡಿ ಮುಗಿಸುತ್ತಿತ್ತು. ಸಂಜೆ ಕುರ್ಚಿಯ ಕೆಳಗಿಂದ ಈಚೆ ಬಂದು, ತಲೆ ತಗ್ಗಿಸಿ ಗಲ್ಲವನ್ನು ನೆಲಕ್ಕೊತ್ತಿ ಕೂತಿತೆಂದರೆ ಹಣೆ ಕೆರೆಯಬೇಕು ಎಂದರ್ಥ. ಅದು ಬೇಡಿಕೆಯಲ್ಲ, ಅಪ್ಪಣೆ; ತಡವಾದರೆ ಕಾಲ್ಬೆರಳಿಗೆ ಹಲ್ಲು. ನೀರಕ್ಕ ಅಪ್ಪಣೆ ನಡೆಸುವಳು. ಹಗಲೆಲ್ಲ ಊರಿನ ಅಪ್ಪಣೆ ಕೇಳಿದವಳಿಗೆ ಇದೊಂದು ಹೆಚ್ಚೇನಾಗಿರಲಿಲ್ಲ, ಕೊನೆಪಕ್ಷ ಇದಕ್ಕೊಂದು ಕಾರಣವಿರುತ್ತಿತ್ತು.

ಇದಾವುದೂ ಅವಳ ಗಂಡನಿಗೆ ಗೊತ್ತಿರಲಿಲ್ಲ. ಗೊತ್ತಾಗದೆ ಇರಲು ಅವರು ಕುರುಡರೇನಲ್ಲ. ಆ ಹೊತ್ತಿಗೆ ಶಾಲೆಯ ಮೈದಾನದಲ್ಲಿರುತ್ತಿದ್ದರು.

ಅವರು ಡ್ರಿಲ್ ಮೇಷ್ಟ್ರು. ಊರಿಗೆ ಸೀಟಿ ಮೇಷ್ಟ್ರು. ಸೀಟಿ ಅವರ ಕೊರಳಲ್ಲಿ ಸ್ನಾನದ ಹೊತ್ತು ಬಿಟ್ಟರೆ ಸದಾ ತೂಗುತ್ತಿತ್ತು. ಈ ಪ್ರಪಂಚವೆಂಬುದು ವಕ್ರವಾಗಿ ನಿಂತ ಒಂದು ಸಾಲು, ಯಾರೋ ಸರಿಯಾಗಿ ಸೀಟಿ ಊದದ್ದರಿಂದಲೇ ಹೀಗಾಗಿದೆ ಎಂಬುದು ಅವರ ತತ್ವ. ಮನೆಯ ಮುಂದಿನ ಕೋಣೆ ಅವರದು. ಅಲ್ಲಿ ಗೋಡೆಯುದ್ದಕ್ಕೂ ಪಂದ್ಯಗಳಲ್ಲಿ ಬಂದ ಬಹುಮಾನದ ಕಪ್ಪುಗಳು. ಗೆದ್ದವರು ಮಕ್ಕಳು, ಶಾಲೆಯ ಕಪಾಟು ಮುರಿದಾಗ ಜೋಪಾನಕ್ಕೆಂದು ತಂದವರು ಇವರು, ಕಪಾಟು ರಿಪೇರಿಯಾಗಿ ಎಷ್ಟೋ ಕಾಲವಾಗಿತ್ತು. ನೆಲದ ಮೇಲೆ ಶಾಲೆಯದೇ ಒಂದು ಹಳೆಯ ಜಿಮ್ ಮ್ಯಾಟು. ಆ ಕೋಣೆಗೆ ಚಪ್ಪಲಿ ಬರಬಾರದು, ಒದ್ದೆ ಕಾಲು ಬರಬಾರದು, ಮೊಲವಂತೂ ಬರಲೇಬಾರದು. ಬರುತ್ತಿದ್ದದ್ದು ಪೊರಕೆ ಹಿಡಿದ ನೀರಕ್ಕ ಮಾತ್ರ.

ಮಗಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಇದ್ದವರು ಈ ಮೂವರೇ, ಮತ್ತು ದೊರೆಸಾನಿ. ಹೀಗಿರುವಾಗ ಒಂದು ದಿನ ಮೇಷ್ಟ್ರಿಗೆ ಹೊಳೆಯಿತು, ಮೊಲಕ್ಕೆ ಒಂಟಿತನ ಕಾಡುತ್ತಿದೆ ಎಂದು. ಹೊಳೆದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಕ್ಯಾಪ್ಟನ್ನು ಟೀಮನ್ನು ಕೇಳಿ ಟಾಸ್ ಹಾಕುತ್ತಾನೆಯೇ? ಶಾಲೆಯ ಡ್ರಾಯಿಂಗ್ ಮೇಷ್ಟ್ರು ವರ್ಗವಾಗಿ ಹೊರಟಿದ್ದರು. ಅವರ ಮನೆಯಲ್ಲೊಂದು ಬಿಳಿ ಗಂಡು ಮೊಲವಿತ್ತು. ಸಂಜೆ ನೀರಕ್ಕ ಚಹಕ್ಕೆ ನೀರಿಡುತ್ತಿದ್ದಾಗ ಬಾಗಿಲಲ್ಲಿ ಇಬ್ಬರು ಮೇಷ್ಟ್ರುಗಳೂ ಒಂದು ಪಂಜರವೂ ನಿಂತಿದ್ದವು.

"ಇವಳೇ, ನೋಡು ಯಾರು ಬಂದಿದಾರೆ" ಎಂದರು ಸೀಟಿ ಮೇಷ್ಟ್ರು. "ನಿನ್ನ ಮೊಲಕ್ಕೆ ಜೋಡಿ."

"ಯಾರು ಕೇಳಿದ್ರು?"

"ಕೇಳೋಕೆ ಅದಕ್ಕೆ ಬಾಯಿ ಇದ್ಯಾ?"

"ನಂಗಿದ್ಯಲ್ರೀ."

ಡ್ರಾಯಿಂಗ್ ಮೇಷ್ಟ್ರು ಸಂಕೋಚದಿಂದ ಪಂಜರವನ್ನು ಕೆಳಗಿಟ್ಟರು. "ಪಾಪದ್ದು ಅಕ್ಕಾ. ಆಪರೇಷನ್ ಮಾಡಿಸಿದೀನಿ, ಮರಿಗಿರಿ ಯೋಚನೆ ಇಲ್ಲ."

"ಅವಳಿಗೂ ಮಾಡಿಸಿದೆ" ಎಂದಳು ನೀರಕ್ಕ.

"ಒಳ್ಳೇದಾಯ್ತು. ಆದ್ರೆ ಸಾರ್, ಒಂದು ವಿಷಯ" ಎಂದು ಅವರು ಸೀಟಿ ಮೇಷ್ಟ್ರ ಕಡೆ ತಿರುಗಿದರು. "ತಂದ ತಕ್ಷಣ ಒಟ್ಟಿಗೆ ಬಿಡಬೇಡಿ. ಒಂದಷ್ಟು ದಿನ ದೂರ ದೂರ ಇಟ್ಟು, ಇದರ ಬಟ್ಟೆ ಅದಕ್ಕೆ, ಅದರ ಬಟ್ಟೆ ಇದಕ್ಕೆ ಹಾಕಿ, ವಾಸನೆ ಪರಿಚಯ ಆಗ್ಬೇಕು. ಆಮೇಲೆ ಬಿಡೋವಾಗ್ಲೂ ಎರಡೂ ಕಾಲಿಡದ ಜಾಗದಲ್ಲಿ ಬಿಡಿ. ಹಳೇದರ ಜಾಗದಲ್ಲಿ ಬಿಟ್ರೆ ಹರಿದುಹಾಕಿಬಿಡುತ್ತೆ. ಯಾರದೂ ಅಲ್ಲದ ಜಾಗ ಆಗ್ಬೇಕು, ಅಷ್ಟೆ."

"ಮೂವತ್ತು ವರ್ಷ ಸರ್ವಿಸ್ಸಿನಲ್ಲಿ ಎಂಥೆಂಥಾ ಪುಂಡರನ್ನ ಲೈನಲ್ಲಿ ನಿಲ್ಲಿಸಿದೀನಿ ಸಾರ್, ಎರಡು ಮೊಲ ಯಾವ ಲೆಕ್ಕ" ಎಂದು ಮೇಷ್ಟ್ರು ನಕ್ಕರು. ಬಂದ ಮೊಲಕ್ಕೆ ಅಲ್ಲೇ 'ಕ್ಯಾಪ್ಟನ್' ಎಂದು ನಾಮಕರಣವಾಯಿತು. ಹಾಲ್‌ನಲ್ಲಿ ಟೀವಿ ಮುಂದೆ ಕೂತಿದ್ದ ಅತ್ತೆ ಕನ್ನಡಕ ಏರಿಸಿ ನೋಡಿ, "ಮನೆಯಳಿಯ ಬಂದ ಅನ್ನಿ" ಎಂದರು. ಮನೆಯಲ್ಲಿ ಆ ಹೆಸರೇ ನಿಂತಿತು. ಅಳಿಯ ಪಂಜರದ ಮೂಲೆಯಲ್ಲಿ ಮುದುಡಿ ಕೂತು, ಎಲ್ಲ ಮನೆಯಳಿಯಂದಿರ ಹಾಗೆ, ಕೊಟ್ಟದ್ದನ್ನು ತಿಂದುಕೊಂಡು ಇತ್ತು.

ಶನಿವಾರ ಮೇಷ್ಟ್ರಿಗೆ ಅರ್ಧ ದಿನ ಶಾಲೆ, ನೀರಕ್ಕನಿಗೆ ಪೂರ್ತಿ ಕಚೇರಿ. ಅವಳು ಸಂಜೆ ಮೆಟ್ಟಿಲು ಹತ್ತಿ ಬಂದಾಗ ಮೊದಲು ಕಂಡದ್ದು ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ, ತನ್ನ ಬೆತ್ತದ ಕುರ್ಚಿ. ಅದರ ಮೇಲೆ ಯಾರದೋ ಕೊಡೆ ಒಣಗುತ್ತಿತ್ತು.

ಒಳಗೆ ಹೋದರೆ ಬಾಲ್ಕನಿಯಲ್ಲಿ ಯುದ್ಧ ಮುಗಿದಿತ್ತು. ನೆಲದ ನಡುವೆ ಸೀಮೆಸುಣ್ಣದಲ್ಲಿ ಎಳೆದ ಗೆರೆ. ಗೆರೆಯ ಈ ಕಡೆ ಬಿಳಿ ತುಪ್ಪಳ, ಆ ಕಡೆ ಬೂದಿ ತುಪ್ಪಳ, ಗಾಳಿಗೆ ಎರಡೂ ಗೆರೆ ದಾಟಿ ಬೆರೆಯುತ್ತಿದ್ದವು. ಅಳಿಯನ ಕಿವಿಯ ತುದಿ ಹರಿದು ರಕ್ತ. ದೊರೆಸಾನಿ ವಾಷಿಂಗ್ ಮೆಷೀನಿನ ಹಿಂದೆ ಸೇರಿಕೊಂಡು ಬಿಡುವಿಲ್ಲದೆ ನೆಲ ಬಡಿಯುತ್ತಿತ್ತು. ಮೇಷ್ಟ್ರ ಮುಂಗೈ ಮೇಲೆ ಉದ್ದುದ್ದ ಗೀರು.

ನಡೆದದ್ದಿಷ್ಟು. ಮೇಷ್ಟ್ರು ಎರಡು ಮೊಲಗಳನ್ನೂ ಗೆರೆಯ ಎರಡು ಬದಿಗೆ ನಿಲ್ಲಿಸಿ, ಒಂದು, ಎರಡು ಎಂದು ಎಣಿಸಿ, ಸೀಟಿ ಊದಿದ್ದರು.

"ಇಲ್ಯಾಕ್ ಬಿಟ್ರಿ?" ಎಂದಳು ನೀರಕ್ಕ. ಅಳಿಯನನ್ನು ಎತ್ತಿ ಕಿವಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು.

"ಅವರೇ ಹೇಳಿದ್ರಲ್ಲ, ಯಾರದೂ ಅಲ್ಲದ ಜಾಗ ಅಂತ. ಇಡೀ ಮನೆ ನೋಡ್ದೆ. ಹಾಲ್ ಅಮ್ಮಂದು. ಮುಂದಿನ ಕೋಣೆ ನಂದು. ಅಡುಗೆಮನೇಲಿ ನೀನಿರ್ತೀಯ. ಇದೊಂದೇ ಯಾರದೂ ಅಲ್ಲ."

ಬಟ್ಟೆ ಹಿಡಿದ ಕೈ ನಿಂತಿತು.

"ಆ ಕುರ್ಚಿ?"

"ಯಾವ ಕುರ್ಚಿ? ಆ ಮುರುಕಲಾ? ಅಡ್ಡ ಇತ್ತು, ಹೊರಗಿಟ್ಟೆ."

ಅವಳು ಏನಾದರೂ ಹೇಳುವ ಮೊದಲೇ ಅವರು ತೀರ್ಪು ಮುಂದುವರಿಸಿದರು. ಕ್ಯಾಪ್ಟನ್ ಗೆರೆ ಮುಟ್ಟಿರಲಿಲ್ಲ. ಫೌಲು ಪೂರ್ತಿ ಹಳೆಯ ಮೊಲದ್ದೇ. "ಅದಕ್ಕೆ ಹೊಂದಾಣಿಕೆ ಅನ್ನೋದೇ ಇಲ್ಲ ಕಣೆ. ನಾನು ನಾಳೆ ಟ್ರೈನಿಂಗ್ ಕ್ಯಾಂಪಿಗೆ ಹೋಗ್ತೀನಲ್ಲ, ವಾರ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಅಡ್ಜಸ್ಟ್ ಆದ್ರೆ ಸರಿ. ಇಲ್ದಿದ್ರೆ ಅದನ್ನ ಶಾಲೆ ಹಿತ್ತಲಿನ ಪಂಜರಕ್ಕೆ ಬಿಟ್ಟುಬಿಡೋಣ. ಕೋಳಿ ಇದಾವೆ, ಮಕ್ಕಳು ನೋಡ್ಕೋತಾರೆ. ಹೊಂದ್ಕೊಳ್ಳದವರು ಟೀಮಲ್ಲಿರಬಾರದು. ಅಲ್ಲೀತನಕ ಕ್ಯಾಪ್ಟನ್ ಇಲ್ಲೇ ಬಾಲ್ಕನೀಲಿರ್ಲಿ, ಗಾಳಿ ಬರುತ್ತೆ."

ಶಾಲೆಯ ಹಿತ್ತಲಿನ ಪಂಜರವನ್ನು ನೀರಕ್ಕ ನೋಡಿದ್ದಳು. ಮಕ್ಕಳು ನೋಡಿಕೊಳ್ಳುವುದೆಂದರೆ ಜಾಲರಿಯ ಸಂದಿಯಿಂದ ಕಡ್ಡಿ ತೂರಿಸುವುದು.

ಆ ಮನೆಯಲ್ಲಿ ಅವಳು ಸಿಟ್ಟಾದರೆ ಮಾತಾಡುತ್ತಿದ್ದದ್ದು ಪಾತ್ರೆಗಳು. ಆ ದಿನ ಅವೂ ಮಾತಾಡಲಿಲ್ಲ. ಅತ್ತೆ ಊಟದ ನಡುವೆ ತಲೆ ಎತ್ತಿ ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, "ಗುಡುಗಿಲ್ಲದೆ ಮೋಡ ಕವಿದರೆ ಕಷ್ಟ ಕಣೋ" ಎಂದರು. ಮಗ ಕ್ಯಾಂಪಿಗೆ ಬನಿಯನ್ ಎಷ್ಟು ಬೇಕೆಂದು ಯೋಚಿಸುತ್ತಿದ್ದರು. ಕ್ಯಾಂಪಿನ ವಿಷಯ 'ಶಿಸ್ತು'.

ಸೋಮವಾರ ಕೌಂಟರಿಗೆ ಒಬ್ಬ ಮುದುಕ ಬಂದ. ಅವನ ಮನೆ ಎರಡು ಬೀದಿಗಳ ನಡುವಿನ ಸಂದಿಯಲ್ಲಿತ್ತು. ಪೈಪು ಒಡೆದು ನೀರು ಹರಿದು ಹರಿದು ಬಾಗಿಲಲ್ಲಿ ಪಾಚಿ ಕಟ್ಟಿತ್ತು. ಮೇಲಿನ ಬೀದಿಯ ಸಿಬ್ಬಂದಿ ಅದು ಕೆಳಗಿನ ಬೀದಿಯದು ಅಂದರಂತೆ, ಕೆಳಗಿನವರು ಮೇಲಿನದು ಅಂದರಂತೆ. "ಕೊನೆಗೆ ಒಳಗಿರೋ ಸಾಹೇಬರನ್ನೇ ಕೇಳ್ದೆ ಮೇಡಂ. ಅದು ಯಾರದೂ ಅಲ್ಲ ಅಂದ್ರು."

ನೀರಕ್ಕನ ಬಾಯಿಗೆ 'ದೂರು' ಎನ್ನುವವರೆಗೆ ಬಂತು. ಮುಂದಿನದು ಬರಲಿಲ್ಲ. ಅವಳು ಎದ್ದಳು. ಆ ಕುರ್ಚಿಯಿಂದ ಕೆಲಸದ ಹೊತ್ತಿನಲ್ಲಿ ಅವಳು ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಮುದುಕ ತಂದಿದ್ದ ಪಾಚಿ ನೀರಿನ ಬಾಟಲಿ ಹಿಡಿದು ಸೀದಾ ಎಂಜಿನಿಯರ ಕೋಣೆಗೆ ನುಗ್ಗಿ ಅವರ ಮೇಜಿನ ಗಾಜಿನ ಮೇಲೆ ಕುಕ್ಕಿದಳು.

"ಸಾರ್, ಇದು ಯಾರದೂ ಅಲ್ವಂತೆ."

"ಏನಮ್ಮಾ ಇದು?"

"ಅದನ್ನೇ ಕೇಳ್ತಿದೀನಿ. ಯಾರೂ ತಂದು ಹಾಕದೆ ಈ ಪೈಪು ಹುಟ್ಟಿತಾ? ಅಲ್ಲಿ ಒಬ್ರು ಬದುಕ್ತಿದಾರೆ. ಬದುಕೋರಿದ್ದಾಗ ಯಾರದೂ ಅಲ್ಲ ಅಂತ ಹೇಗೆ ಹೇಳ್ತೀರಿ ನೀವು? ನೋಡಿದೀರಾ ಹೋಗಿ? ನೋಡಿದೀರಾ ಒಂದು ದಿನ?"

ದನಿ ಹೊರಗಿನವರೆಗೂ ಬಂತು. ಮೀಟರ್ ಓದುವವನೊಬ್ಬ ಬಾಯಿಗಿಟ್ಟ ಬಿಸ್ಕತ್ತನ್ನು ಅಗಿಯುವುದು ಮರೆತ. ಎಂಜಿನಿಯರು ಆ ಮಧ್ಯಾಹ್ನವೇ ಇಬ್ಬರನ್ನು ಕಳಿಸಿದರು. ಪೈಪಿನ ಮೇಲಿನ ಕನಿಕರಕ್ಕಲ್ಲ, ಬಾಟಲಿ ಮತ್ತೆ ಬರಬಹುದೆಂಬ ಭಯಕ್ಕೆ. ನೀರಕ್ಕ ಕೌಂಟರಿಗೆ ವಾಪಸು ಬಂದು ಕೂತು, ಬೈಯಲು ಬಂದವರಿಗೆಂದು ಇಟ್ಟಿದ್ದ ಶುದ್ಧ ನೀರನ್ನು ತಾನೇ ಗಟಗಟ ಕುಡಿದಳು. ಮುದುಕ ಹೆದರಿ, "ನಿಮ್ಗೆ ತೊಂದ್ರೆ ಕೊಟ್ನೇನಮ್ಮಾ" ಎಂದ.

"ಇಲ್ಲ. ನೀವಲ್ಲ" ಎಂದಳು.

ಬಾಲ್ಕನಿಯಲ್ಲಿ ಅಳಿಯ ಇದ್ದದ್ದರಿಂದ ಆ ಸಂಜೆಯೂ ಅವಳು ಚಹ ಕುಡಿದದ್ದು ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ. ಮೇಲಿನ ಮನೆಯವರು ಇಳಿಯುತ್ತ, "ಇಲ್ಯಾಕ್ ಕೂತಿದೀರಾ ನೀರಕ್ಕಾ, ಬೀಗದ ಕೈ ಮರೆತ್ರಾ?" ಎಂದರು. ಹಿಂದೆಯೇ ಅವರ ಮಗಳು ಬಂದು ಅದನ್ನೇ ಕೇಳಿದಳು. ಅರ್ಧ ಲೋಟ ಉಳಿದಿರುವಾಗಲೇ ನೀರಕ್ಕ ಎದ್ದು ಒಳಗೆ ಹೋದಳು. ಹೋದವಳು ಅಡುಗೆಮನೆಗೆ ಹೋಗಲಿಲ್ಲ. ಮುಂದಿನ ಕೋಣೆಯ ಬಾಗಿಲು ತೆರೆದು ನಿಂತಳು.

ಟೀವಿ ಮುಂದಿದ್ದ ಅತ್ತೆ ತಿರುಗಿ ನೋಡಿದರು. "ಅದು ಅವನ ಕೋಣೆ ಕಣಮ್ಮ."

"ಗೊತ್ತು ಅತ್ತೆ. ಅದಕ್ಕೇ. ಅಲ್ಲಿ ದೊರೆಸಾನಿ ಒಂದು ದಿನ ಕಾಲಿಟ್ಟಿಲ್ಲ, ಅಳಿಯನೂ ಇಟ್ಟಿಲ್ಲ. ಆ ಡ್ರಾಯಿಂಗ್ ಮೇಷ್ಟ್ರು ಹೇಳಿದ ಜಾಗ ಈ ಮನೇಲಿ ಇದೊಂದೇ."

"ಬಂದು ಕೂಗಾಡ್ತಾನೆ."

"ಕೂಗಾಡ್ಲಿ."

ಅತ್ತೆ ಟೀವಿ ಆರಿಸಿ, ಮಂಡಿ ಹಿಡಿದುಕೊಂಡು ಎದ್ದರು. "ಕಪ್ಪುಗಳನ್ನ ಮೇಲಿಡು. ಕೆಳಗಿದ್ರೆ ಅದ್ರಲ್ಲಿ ಹಿಕ್ಕೆ ಹಾಕ್ತವೆ." ಎರಡು ಹೆಜ್ಜೆ ಹೋಗಿ ನಿಂತರು. "ಬೇಕಾದ್ರೆ ಒಂದನ್ನ ಬಿಡು."

ಹೀಗೆ ಶುರುವಾಯಿತು. ಮೊದಲು ಎರಡೂ ಗೂಡುಗಳನ್ನು ಆ ಕೋಣೆಯ ಎರಡು ಗೋಡೆಗಳಿಗೆ ಆನಿಸಿ ಎದುರುಬದುರು ಇಟ್ಟಳು. ಅಳಿಯನ ಗೂಡಿನ ಹಳೆಯ ಬಟ್ಟೆಯನ್ನು ದೊರೆಸಾನಿಗೆ ಹಾಸಿದರೆ ಅದು ಹಲ್ಲಿನಲ್ಲಿ ಕಚ್ಚಿ ಎಳೆದು ಮೂಲೆಗೆಸೆಯಿತು. ಮರುದಿನ ಮತ್ತೆ ಹಾಸಿದಳು. ಮತ್ತೆ ಎಸೆಯಿತು. ಅದರ ಮರುದಿನ ಎಸೆಯಲಿಲ್ಲ, ಆದರೆ ಅದರ ಮೇಲೆ ಕೂರಲೂ ಇಲ್ಲ. ನೀರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಮೇಷ್ಟ್ರು ಬರುವ ಭಾನುವಾರ ಹತ್ತಿರವಾಗುತ್ತಿತ್ತು. ಆಗದಿದ್ದರೆ ಕೋಳಿಗಳ ಪಂಜರ. ಆ ಯೋಚನೆ ಬಂದಾಗಲೆಲ್ಲ ಅವಳಿಗೆ ದೊರೆಸಾನಿಯ ಮೇಲೂ ಸಿಟ್ಟು ಬರುತ್ತಿತ್ತು. "ನೀನೂ ಹಾಗೇ. ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಗದರಿದಳು. ನಾಲ್ಕೂ ಕಾಲಿದ್ದ ದೊರೆಸಾನಿ ಅದಕ್ಕೆ ಸೊಪ್ಪು ಅಗಿಯುವುದನ್ನೂ ನಿಲ್ಲಿಸಲಿಲ್ಲ.

ಗುರುವಾರ ಮೊದಲ ಬಾರಿ ಎರಡನ್ನೂ ಜಿಮ್ ಮ್ಯಾಟಿನ ಮೇಲೆ ಬಿಟ್ಟಳು. ಜಗಳವಾದರೆ ನಡುವೆ ಹಿಡಿಯಲು ಅತ್ತೆಯ ಕೈಯಲ್ಲಿ ಪೊರಕೆ, ಅವಳ ಕೈಯಲ್ಲಿ ದಿಂಬು. ದೊರೆಸಾನಿ ನಾಲ್ಕು ಕಡೆ ಮೂಸಿತು. ತನ್ನದೆನ್ನುವ ವಾಸನೆ ಎಲ್ಲೂ ಇಲ್ಲ. ಹಳೆಯ ಬೆವರು, ಕಪ್ಪಿಗೆ ಹಾಕಿದ ಪಾಲಿಷು. ಅದು ಗೊಂದಲದಲ್ಲಿ ಗೋಡೆಯ ಪಕ್ಕ ಕೂತು ಮೈ ನೆಕ್ಕಿಕೊಳ್ಳತೊಡಗಿತು. ಅಳಿಯನೂ ಅಷ್ಟು ದೂರದಲ್ಲಿ ಕೂತು ಮೈ ನೆಕ್ಕಿಕೊಂಡಿತು. ಒಂದನ್ನೊಂದು ನೋಡುತ್ತಿಲ್ಲವೆಂದು ತೋರಿಸಿಕೊಳ್ಳಲು ಎರಡೂ ಪಡುತ್ತಿದ್ದ ಕಷ್ಟ ಎದ್ದು ಕಾಣುತ್ತಿತ್ತು.

"ನಿನ್ನ ಮದುವೆ ಮಾತುಕತೆ ದಿನ ನೀವಿಬ್ರೂ ಹೀಗೇ ಕೂತಿದ್ರಿ" ಎಂದರು ಅತ್ತೆ.

"ಆ ದಿನ ನನ್ನ ಕೈಗೂ ಯಾರಾದ್ರೂ ಒಂದು ದಿಂಬು ಕೊಡಬೇಕಿತ್ತು."

ಶುಕ್ರವಾರ ದೊರೆಸಾನಿ ಅಳಿಯನನ್ನು ಕೋಣೆ ತುಂಬ ಅಟ್ಟಿಸಿಕೊಂಡು ಹೋಯಿತು. ದಿಂಬು ಒಂದು ಸಲ, ಪೊರಕೆ ಎರಡು ಸಲ ನಡುವೆ ಹೋಗಬೇಕಾಯಿತು. ಆದರೆ ಈ ಸಲ ರಕ್ತವಿಲ್ಲ. ಶನಿವಾರ ಎರಡೂ ಒಂದೇ ಕಪ್ಪಿನಿಂದ ನೀರು ಕುಡಿದವು. ಅತ್ತೆ ಬಿಡು ಎಂದಿದ್ದ ಆ ಒಂದು ಕಪ್ಪು, 'ದ್ವಿತೀಯ ಸ್ಥಾನ' ಎಂದು ಬರೆದದ್ದು.

ಭಾನುವಾರ ಮಧ್ಯಾಹ್ನ ಶಿಸ್ತಿನ ಕ್ಯಾಂಪು ಮುಗಿಸಿ ಮೇಷ್ಟ್ರು ಬಂದರು. ಬಾಗಿಲ ಹೊರಗೆ ಕುರ್ಚಿ ಇಲ್ಲ. ಅದು ಬಾಲ್ಕನಿಗೆ ಮರಳಿತ್ತು, ಅವರ ಗಮನಕ್ಕೆ ಬರಲಿಲ್ಲ. ಚೀಲ ಇಡಲು ತಮ್ಮ ಕೋಣೆಯ ಬಾಗಿಲು ತೆರೆದರು.

ಕಪ್ಪುಗಳೆಲ್ಲ ಅಟ್ಟದ ಮೇಲೆ ಮೂಟೆಯಲ್ಲಿ. ಮ್ಯಾಟಿನ ತುಂಬ ಒಣಹುಲ್ಲು. ಮುಖ್ಯ ಅತಿಥಿಯ ಪಕ್ಕದಲ್ಲಿ ತಾವು ನಿಂತ ಫೋಟೋದ ಕೆಳಗೆ ಕ್ಯಾಪ್ಟನ್ನು ಹಿಕ್ಕೆ ಹಾಕುತ್ತಿದ್ದಾನೆ. ಕೈ ತನ್ನಷ್ಟಕ್ಕೆ ಸೀಟಿಗೆ ಹೋಗಿ ಬಾಯಿಗೆ ಬಂತು.

"ಊದ್ಬೇಡಿ" ಎಂದಳು ನೀರಕ್ಕ ಹಿಂದಿನಿಂದ.

"ಏನೇ ಇದು? ಇದು ನನ್ನ ಕೋಣೆ."

"ಹೌದು. ನಿಮ್ಮದು."

"ಒಂದು ಮಾತು ಕೇಳ್ದೆ..."

"ಯಾರನ್ನ ಕೇಳ್ಬೇಕಿತ್ತು? ನೀವು ಕೇಳಿದ್ರಾ?" ಅವಳ ದನಿ ಏರಿತು. "ಯಾರದೂ ಅಲ್ಲದ ಜಾಗ ಅಂದ್ರಲ್ಲ. ಇಷ್ಟು ವರ್ಷ ದಿನಾ ಸಂಜೆ ನಾನೆಲ್ಲಿ ಕೂತಿರ್ತೀನಿ? ಹೇಳಿ. ನಾನು ಮನೆಗೆ ಬಂದು ಏನ್ ಮಾಡ್ತೀನಿ ಅಂತ ಗೊತ್ತಾ ನಿಮಗೆ? ನಿಮ್ಗೆ ಕೋಣೆ ಇದೆ. ಅತ್ತೆಗೆ ಹಾಲ್ ಇದೆ. ಅಡುಗೆಮನೆ ನಂದು ಅಂದ್ರಿ. ಅದು ನಂದಲ್ಲ, ಅದು ಕೆಲಸದ್ದು. ನಂದು ಅಂತ ಇದ್ದದ್ದು ಒಂದು ಕುರ್ಚಿ ಅಗಲದ ಜಾಗ. ಅಲ್ಲಿ ಆ ಮೊಲ ಒಂದೇ ನನ್ನ ಜೊತೆ ಕೂರ್ತಿದ್ದದ್ದು. ಅದ್ರ ಜಾಗಕ್ಕೆ ಇನ್ನೊಂದನ್ನ ತಂದು ನಿಲ್ಸಿ, ಸೀಟಿ ಊದಿ, ಅದು ಕಚ್ಚಿದ್ರೆ ಹೊಂದಾಣಿಕೆ ಇಲ್ಲ ಅಂತೀರಾ? ನಾನೂ ಕಚ್ಚಬೇಕಿತ್ತು. ಕಚ್ಚಲಿಲ್ಲ ನೋಡಿ, ಅದೇ ತಪ್ಪಾಯ್ತು."

ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು. ಆಸರೆಗೆ ತಾಯಿಯ ಕಡೆ ನೋಡಿದರು.

"ನನ್ನ ಮುಖ ಏನ್ ನೋಡ್ತೀಯೋ" ಎಂದರು ಅತ್ತೆ. "ಪೊರಕೆ ಹಿಡಿದವಳು ನಾನೇ."

ಪಂದ್ಯ ಕೈತಪ್ಪಿದಾಗ ಮೇಷ್ಟ್ರು ಹಳೆಯ ನೆಲಕ್ಕೆ ಮರಳುವುದು ವಾಡಿಕೆ. "ಅದೆಲ್ಲ ಇರ್ಲಿ. ಹೊಂದ್ಕೊಂಡಿತಾ ಇಲ್ವಾ? ಇಲ್ದಿದ್ರೆ ನಾಳೆ ಶಾಲೆಗೆ..."

ಆಗಲೇ ದೊರೆಸಾನಿ ಮ್ಯಾಟಿನ ಆ ತುದಿಯಿಂದ ಎದ್ದು ಬಂತು. ಅಳಿಯನ ಎದುರು ನಿಂತಿತು. ವಾರದಿಂದ ಹಾಸಿದ್ದೂ ತೊಳೆದದ್ದೂ ಎಲ್ಲ ಈಗ ಅಲ್ಲಿ ನಿಂತಿತ್ತು. ದೊರೆಸಾನಿ ನಿಧಾನಕ್ಕೆ ತಲೆ ತಗ್ಗಿಸಿ, ಗಲ್ಲವನ್ನು ಮ್ಯಾಟಿಗೆ ಒತ್ತಿ, ಅಳಿಯನ ಮೂಗಿನ ಕೆಳಗೆ ಹಣೆಯಿಟ್ಟು ಕೂತಿತು.

ಮೇಷ್ಟ್ರ ಮುಖ ಬೆಳಗಿತು. "ನೋಡಿದ್ಯಾ! ಕೊನೆಗೂ ತಲೆ ತಗ್ಗಿಸಿದಳು. ಇದಕ್ಕೇ ನಾನು ಹೇಳಿದ್ದು, ಸ್ವಲ್ಪ ಬಿಗಿ ಮಾಡಿದ್ರೆ ಎಲ್ರೂ ದಾರಿಗೆ ಬರ್ತಾರೆ ಅಂತ."

ಅಳಿಯ ಅಲ್ಲಾಡಲಿಲ್ಲ. ದೊರೆಸಾನಿ ಒಂದು ಕ್ಷಣ ಕಾಯಿತು. ಆಮೇಲೆ ತಲೆ ಎತ್ತದೆಯೇ ಅವನ ಮುಂಗಾಲಿಗೆ ಸಣ್ಣದಾಗಿ ಹಲ್ಲು ತಾಗಿಸಿತು. ಅಳಿಯ ಬೆಚ್ಚಿ, ಅವಸರವಸರವಾಗಿ ಅದರ ಹಣೆ ನೆಕ್ಕತೊಡಗಿದ. ಹಣೆ, ಕಿವಿಯ ಬುಡ, ಮತ್ತೆ ಹಣೆ. ದೊರೆಸಾನಿ ಅರ್ಧ ಕಣ್ಣು ಮುಚ್ಚಿತು.

ಅತ್ತೆಗೆ ನಗು ಬಂದು, ನಗು ಕೆಮ್ಮಾಗಿ, ಕೆಮ್ಮಿಗೆ ನೀರು ಬೇಕಾಯಿತು. ನೀರಕ್ಕ ನಗಲಿಲ್ಲ. ತಲೆ ತಗ್ಗಿಸಿದವರು ಯಾರು, ದಾರಿಗೆ ಬಂದವರು ಯಾರು ಎಂದು ಗಂಡನಿಗೆ ಬಿಡಿಸಿ ಹೇಳುವ ಮನಸ್ಸೂ ಅವಳಿಗೆ ಆಗಲಿಲ್ಲ. ಒಂದು ವಾರದ ಸಿಟ್ಟು ಅಷ್ಟು ಸುಲಭಕ್ಕೆ ಪಾಠ ಹೇಳಲು ಕೂರುವುದಿಲ್ಲ. ಅತ್ತೆಗೆ ನೀರು ಕೊಟ್ಟು, ಚಹ ಮಾಡಿಕೊಂಡು, ತನ್ನದೊಂದೇ ಲೋಟ ಹಿಡಿದು ಬಾಲ್ಕನಿಗೆ ಹೋದಳು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಮಸುಕಾಗಿ ಉಳಿದಿತ್ತು. ಅದರ ಮೇಲೇ ಕುರ್ಚಿ ಎಳೆದು ಕೂತಳು.

ಜೊತೆ ಕೂಡಿದ ಮೊಲಗಳನ್ನು ತಕ್ಷಣ ಬೇರೆ ಜಾಗಕ್ಕೆ ಒಯ್ದರೆ ಜಗಳ ಮೊದಲಿಂದ ಶುರುವಾಗುತ್ತದೆ ಎಂದು ಡ್ರಾಯಿಂಗ್ ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು. ಹಾಗಾಗಿ ಎರಡೂ ಅಲ್ಲೇ ಉಳಿದವು. ಸೀಟಿ ಮೇಷ್ಟ್ರು ಒಂದೆರಡು ದಿನ ಹಾಲ್‌ನಲ್ಲಿ ಅಮ್ಮನ ಧಾರಾವಾಹಿಗಳ ನಡುವೆ ಕೂತು ನೋಡಿದರು. ಮೂರನೆಯ ಸಂಜೆ ಮೈದಾನದಿಂದ ಬೇಗ ಬಂದು ಬಾಲ್ಕನಿಯ ಬಾಗಿಲಲ್ಲಿ ನಿಂತರು. ಹೊಸ್ತಿಲು ದಾಟಲಿಲ್ಲ. ನೀರಕ್ಕನ ಲೋಟದಲ್ಲಿ ಇನ್ನೂ ಅರ್ಧ ಚಹವಿತ್ತು. ದೊರೆಸಾನಿ ದಿನದ ಅಪ್ಪಣೆ ಕೊಡಲು ಮುಂದಿನ ಕೋಣೆಯಿಂದ ನಡೆದು ಬಂದು ಕುರ್ಚಿಯ ಕೆಳಗೆ ಕೂತಿತ್ತು. ಅಳಿಯನಿಗೆ ಅಲ್ಲಿಗೆ ಬರುವ ಧೈರ್ಯ ಇನ್ನೂ ಬಂದಿರಲಿಲ್ಲ.

"ಅಲ್ಲ ಕಣೆ" ಎಂದರು ಮೇಷ್ಟ್ರು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ. "ನನ್ನ ಕೋಣೆ ಯಾವಾಗ ಬಿಡಿಸ್ಕೊಡ್ತೀಯ?"

ಲೋಟ ಬರಿದಾಗುವವರೆಗೆ ಮಾತಾಡುವುದಿಲ್ಲವೆಂಬುದು ನಿಯಮ. ನೀರಕ್ಕ ಕೊನೆಯ ಗುಟುಕು ಕುಡಿದಳು, ಲೋಟ ಕೆಳಗಿಟ್ಟಳು, ಎದುರಿನ ಪೈಪುಗಳನ್ನು ನೋಡುತ್ತಲೇ ಹೇಳಿದಳು.

"ದೂರು ದಾಖಲಾಗಿದೆ. ಸಂಬಂಧಪಟ್ಟವರು ಬರ್ತಾರೆ."

"ಸಂಬಂಧಪಟ್ಟವರು ಅಂದ್ರೆ ಯಾರು?"

ಕುರ್ಚಿಯ ಕೆಳಗಿಂದ ಒಂದು ಹಿಂಗಾಲು ನೆಲಕ್ಕೆ ಧಪ್ಪೆಂದು ಬಡಿಯಿತು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು.